ವುಡ್‌ಲ್ಯಾಂಡ್ಸ್ ಕೃಷ್ಣರಾಯರು ಮತ್ತು ನನ್ನ ಸೂಟ್‌ಕೇಸ್

ತಿಂಗಳಿಗೆ ಎರಡು ಸಲ ಪುಣೆ, ಒಂದು ಸಲ ಗುರುಗ್ರಾಮ. ಐದು ವರ್ಷಗಳಿಂದ ನನ್ನ ಓಡಾಟ ಇಷ್ಟೇ. ಶೋಲಿಂಗನಲ್ಲೂರಿನ ಮನೆಯಲ್ಲಿ ಸೂಟ್‌ಕೇಸ್ ಪೂರ್ತಿ ಖಾಲಿ ಮಾಡುವುದನ್ನೇ ಬಿಟ್ಟಿದ್ದೇನೆ. ಕಳೆದ ಮಳೆಗಾಲದಲ್ಲಿ ಒಂದು ಹೋಟೆಲಿನಲ್ಲಿ ರೂಮಿನ ಚಿಲಕ ಸರಿಯಾಗಿ ಬೀಳುತ್ತಿರಲಿಲ್ಲ. ಬಾಗಿಲಿಗೆ ಕುರ್ಚಿ ಒತ್ತಿಟ್ಟು ಮಲಗಿದೆ. ಬೆಳಿಗ್ಗೆ ಅಲ್ಲಿಯದೇ ತಿಂಡಿ ತಿಂದು ಹೊರಟವನು ಕ್ಲೈಂಟ್ ಎದುರು ಡೆಮೊ ಅರ್ಧಕ್ಕೇ ನಿಲ್ಲಿಸಿ ಬಾತ್‌ರೂಮಿಗೆ ಓಡಬೇಕಾಯಿತು. ಸಂಜೆ ಡ್ರಿಪ್ ಹಾಕಿಸಿಕೊಂಡೆ. ಪ್ರಾಜೆಕ್ಟ್ ಹೇಗೋ ಉಳಿಯಿತು.

ಕಾರ್ಕಳದಿಂದ ಅಪ್ಪ ಫೋನಿನಲ್ಲಿ ಬೈದರು. ಬೈಯುತ್ತ ಬೈಯುತ್ತ ಅಜ್ಜನ ಸುದ್ದಿಗೆ ಬಂದರು. ಜಮೀನಿನ ವ್ಯಾಜ್ಯಕ್ಕೆಂದು ಅಜ್ಜ ಎಷ್ಟೋ ಸಲ ಮದರಾಸು ಹೈಕೋರ್ಟಿಗೆ ಬಂದಿದ್ದರಂತೆ, ಒಮ್ಮೆಯೂ ಹೊಟ್ಟೆ ಕೆಟ್ಟಿರಲಿಲ್ಲವಂತೆ. ಅವರು ಉಳಿಯುತ್ತಿದ್ದುದು ವುಡ್‌ಲ್ಯಾಂಡ್ಸ್‌ನಲ್ಲಿ. ಚೆನ್ನೈಯಲ್ಲಿ ಇಷ್ಟು ವರ್ಷ ಇದ್ದೂ ಆ ಹೆಸರು ನನಗೆ ಬರೀ ಮಸಾಲೆ ದೋಸೆಯಾಗಿತ್ತು. ಅದನ್ನು ಕಟ್ಟಿದ ಕೆ. ಕೃಷ್ಣರಾಯರ ಬದುಕನ್ನು ಆಮೇಲೆ ಹುಡುಕಿ ಓದಿದೆ.

ಅವರು ಹುಟ್ಟಿದ್ದು 1898ರಲ್ಲಿ, ಮೂಡುಬಿದಿರೆಗೆ ಸಮೀಪದ ಕಡಂದಲೆಯಲ್ಲಿ. ನಮ್ಮ ಮನೆಯಿಂದ ಬೈಕಿನಲ್ಲಿ ಹೋಗಿ ಬರುವಷ್ಟು ಹತ್ತಿರ. ಬಡ ಬ್ರಾಹ್ಮಣ ಕುಟುಂಬ, ಓದು ಹೆಚ್ಚು ಸಾಗಲಿಲ್ಲ. ಹುಡುಗನಾಗಿದ್ದಾಗಲೇ ಉಡುಪಿಯ ಮಠದಲ್ಲಿ ಅಡುಗೆಯವರ ಕೈಕೆಳಗೆ ದುಡಿದರು. ನೂರಾರು ಎಲೆಗೆ ಹೊತ್ತಿಗೆ ಸರಿಯಾಗಿ, ಮಡಿಯಲ್ಲಿ, ರುಚಿ ಕೆಡದಂತೆ ಬಡಿಸುವ ಶಿಸ್ತು ಅವರಿಗೆ ಸಿಕ್ಕಿದ್ದು ಅಲ್ಲೇ ಇರಬೇಕು. ನಮಗೆ ಎಂ.ಟೆಕ್‌ನಲ್ಲಿ ಲೋಡ್ ಟೆಸ್ಟಿಂಗ್ ಎಂದು ಕಲಿಸಿದ್ದನ್ನು ಅವರು ಒಲೆಯ ಮುಂದೆ ಕಲಿತಿದ್ದರು.

1920ರ ದಶಕದಲ್ಲಿ ಮದರಾಸಿಗೆ ಬಂದರು. ಆಗ ದಕ್ಷಿಣ ಕನ್ನಡಕ್ಕೆ ಮದರಾಸು ಪರವೂರಲ್ಲ, ರಾಜಧಾನಿ. 1956ರವರೆಗೂ ನಮ್ಮ ಜಿಲ್ಲೆ ಆ ಆಡಳಿತದಲ್ಲೇ ಇತ್ತು. 1907ರಲ್ಲಿ ಮಂಗಳೂರಿಗೆ ರೈಲು ಬಂದ ಮೇಲೆ ಮೇಲ್ಮನವಿ, ಲೈಸೆನ್ಸ್, ಕಾಲೇಜು, ವ್ಯಾಪಾರ ಎಂದು ಜನ ಶೊರನೂರು, ಪಾಲಕ್ಕಾಡ್ ಸುತ್ತಿಕೊಂಡು ಇಲ್ಲಿಗೆ ಬರುತ್ತಿದ್ದರು. ಬಂದವರು ಮಲಗುವುದೆಲ್ಲಿ? ಕನ್ನೆಮಾರದಂಥ ಹೋಟೆಲುಗಳು ಸಾಹೇಬರಿಗೆ. ಉಳಿದವರಿಗೆ ನೆಂಟರ ಜಗಲಿ, ಇಲ್ಲವೇ ಸೆಂಟ್ರಲ್ ನಿಲ್ದಾಣದ ಎದುರಿನ ರಾಮಸ್ವಾಮಿ ಮೊದಲಿಯಾರ್ ಛತ್ರದಂಥ ಜಾಗ. ಛತ್ರದಲ್ಲಿ ಸೂರು ಸಿಗುತ್ತದೆ. ಕೋರ್ಟಿನ ಕಾಗದಪತ್ರ, ದುಡ್ಡಿನ ಗಂಟು ಇಟ್ಟು ನಿಶ್ಚಿಂತೆಯಿಂದ ಹೊರಗೆ ಹೋಗುವ ಹಾಗಿಲ್ಲ.

ಮನೆಗೆಲಸ, ಹೋಟೆಲ್ ಕೆಲಸ ಮಾಡಿಕೊಂಡಿದ್ದ ಕೃಷ್ಣರಾಯರು ಜಾರ್ಜ್ ಟೌನಿನ ಆಚಾರಪ್ಪನ್ ಬೀದಿಯಲ್ಲಿ ಸಣ್ಣ ಹೋಟೆಲೊಂದನ್ನು ವಹಿಸಿಕೊಂಡರು. ಹೈಕೋರ್ಟು, ಬಂದರು, ಮಂಡಿಗಳೆಲ್ಲ ಅದರ ಸುತ್ತಮುತ್ತಲೇ. ಮುಂದೆ ಮೌಂಟ್ ರೋಡಿನಲ್ಲಿ ಉಡುಪಿ ಶ್ರೀಕೃಷ್ಣ ವಿಲಾಸ ತೆರೆದರು. ಇಲ್ಲಿಗೆ ನಿಂತಿದ್ದರೂ ಒಳ್ಳೆಯ ಹೋಟೆಲಿನವರು ಎನಿಸಿಕೊಳ್ಳುತ್ತಿದ್ದರು. ಆದರೆ 1938ರಲ್ಲಿ ರಾಯಪೇಟೆಯ ವುಡ್‌ಲ್ಯಾಂಡ್ಸ್ ಎಂಬ ದೊಡ್ಡ ಬಂಗಲೆಯನ್ನು ಗುತ್ತಿಗೆಗೆ ಹಿಡಿದು, ಬಂಗಲೆಯ ಹೆಸರನ್ನೇ ಇಟ್ಟುಕೊಂಡು, ಊಟದ ಜೊತೆಗೆ ವಸತಿಯನ್ನೂ ಕೊಡತೊಡಗಿದರು. ಮಠದ ಅಡುಗೆಮನೆಯಲ್ಲಿ ಬೆಳೆದವರು ಇಂಗ್ಲಿಷ್ ಹೆಸರಿನ ಬಂಗಲೆಯಲ್ಲಿ ಊರಿನ ಸಾರು ಬಡಿಸಿದ್ದು ಆ ಕಾಲಕ್ಕೆ ಸಣ್ಣ ಧೈರ್ಯವಲ್ಲ.

ಮಸಾಲೆ ದೋಸೆಯನ್ನು ಈ ಊರಿಗೆ ರೂಢಿಸಿದವರು ಅವರೇ ಎಂದು ಚೆನ್ನೈಯವರು ಈಗಲೂ ಹೇಳುತ್ತಾರೆ. ನನಗೆ ಮುಖ್ಯ ಆ ರೂಮುಗಳು. ಪರವೂರಿಗೆ ಹೋದವನಿಗೆ ಬೇಕಾದ್ದು ಬೀಗ ಬೀಳುವ ಬಾಗಿಲು, ಸ್ನಾನಕ್ಕೆ ಬಿಸಿನೀರು, ಹೊಟ್ಟೆಗೆ ಪರಿಚಯವಿರುವ ಊಟ, ಗಲ್ಲಾದಲ್ಲಿ ತನ್ನ ಮಾತು ತಿಳಿಯುವ ಒಬ್ಬ ಮನುಷ್ಯ. ಮಧ್ಯಮ ವರ್ಗದ ಜೇಬಿಗೆ ಇವೆಲ್ಲ ಒಂದೇ ಆವರಣದಲ್ಲಿ ಎಟುಕುವ ಹಾಗಾಯಿತು. ಇಲ್ಲಿ ಒಂದು ಮಾತು ಬಿಡಬಾರದು. ಆ ಕಾಲದ ಹಲವು ಹೋಟೆಲುಗಳ ಬೋರ್ಡಿನಲ್ಲಿ ಬ್ರಾಹ್ಮಣ ಎಂಬ ಪದವಿತ್ತು, ಪಂಕ್ತಿ ಬೇರೆ ಇತ್ತು. 1957ರಲ್ಲಿ ತಿರುವಲ್ಲಿಕೇಣಿಯ ಒಂದು ಕೆಫೆಯ ಬೋರ್ಡಿನ ಆ ಪದವನ್ನು ತೆಗೆಸಲು ಪೆರಿಯಾರ್ ಚಳವಳಿಯನ್ನೇ ಹೂಡಿದ್ದರು. ಅಜ್ಜನಿಗೆ ಸಿಕ್ಕ ನೆಮ್ಮದಿ ಅದೇ ರೈಲಿನಲ್ಲಿ ಬಂದಿಳಿದ ಎಲ್ಲರಿಗೂ ಈ ಊರಿನಲ್ಲಿ ಸಿಕ್ಕಿರಲಾರದು.

ರಾಯಪೇಟೆಯ ಗುತ್ತಿಗೆ ಮುಗಿದಾಗ ಕೃಷ್ಣರಾಯರು 1952ರಲ್ಲಿ ಮೈಲಾಪುರಕ್ಕೆ ಬಂದರು. ಎಡ್ವರ್ಡ್ ಎಲಿಯಟ್ಸ್ ರಸ್ತೆ, ಅಂದರೆ ಈಗಿನ ಡಾ. ರಾಧಾಕೃಷ್ಣನ್ ಸಾಲೈನಲ್ಲಿ ನ್ಯೂ ವುಡ್‌ಲ್ಯಾಂಡ್ಸ್ ಎದ್ದಿತು. ಕನ್ನಡ ಸಿನಿಮಾಗಳು ಮದರಾಸಿನ ಸ್ಟುಡಿಯೊಗಳಲ್ಲೇ ತಯಾರಾಗುತ್ತಿದ್ದ ಕಾಲವದು. 1962ರಲ್ಲಿ ಕೆಥೆಡ್ರಲ್ ರಸ್ತೆಯ ತೋಟಗಾರಿಕೆ ಸಂಘದ ಜಾಗದಲ್ಲಿ ಡ್ರೈವ್-ಇನ್ ತೆರೆದರು. ಅಮೆರಿಕದ ಪದ್ಧತಿಗೆ ಇಡ್ಲಿ, ಕಾಫಿ ಸೇರಿಸಿದ್ದು. ಮರದಡಿ ಕಾರು ನಿಲ್ಲಿಸಿದರೆ ತಟ್ಟೆ ಕಾರಿನ ಬಾಗಿಲಿಗೇ ಬರುತ್ತಿತ್ತು. ಆಫೀಸಿಲ್ಲದ ಮೆಡಿಕಲ್ ರೆಪ್‌ಗಳಿಗೆ ಅದೇ ಆಫೀಸು. ಒಂದು ಕಾಫಿ ಹಿಡಿದು ಗಂಟೆಗಟ್ಟಲೆ ಕೂರುತ್ತಿದ್ದರು. ಇವತ್ತಿನ ಕೋವರ್ಕಿಂಗ್ ಸ್ಪೇಸಿನ ಬಾಡಿಗೆ ನೆನೆದರೆ ಹೊಟ್ಟೆ ಉರಿಯುತ್ತದೆ.

ರಾಯರು 1990ರಲ್ಲಿ ತೀರಿಕೊಂಡರು. ಡ್ರೈವ್-ಇನ್ 2008ರಲ್ಲಿ ಮುಚ್ಚಿತು. 2010ರಿಂದ ಅಲ್ಲಿ ಸೆಮ್ಮೊಳಿ ಪೂಂಗಾ ಎಂಬ ಉದ್ಯಾನ. ನಾನು ಚೆನ್ನೈಗೆ ಬರುವಾಗ ತಡವಾಗಿತ್ತು.

ಹೋದ ತಿಂಗಳು ಕಣ್ಣಿನ ತಪಾಸಣೆಗೆ ಬಂದ ಅಪ್ಪನನ್ನು ನ್ಯೂ ವುಡ್‌ಲ್ಯಾಂಡ್ಸ್‌ಗೆ ಕರೆದುಕೊಂಡು ಹೋದೆ. ಊಟ ಮುಗಿಸಿ ಅವರು ರಿಸೆಪ್ಷನ್ ಹತ್ತಿರ ಸ್ವಲ್ಪ ಹೊತ್ತು ನಿಂತರು. ರೂಮಿನ ಬಾಡಿಗೆ ಕೇಳಿಕೊಂಡು ಬಂದು, ಅಜ್ಜ ಕೊಡುತ್ತಿದ್ದುದರ ಜೊತೆ ಹೋಲಿಸಿ ಲೆಕ್ಕ ಹಾಕಿದರು. ನಾನು ಈಗ ಬುಕ್ ಮಾಡುವ ಮೊದಲು ಹೋಟೆಲಿಗೇ ಫೋನ್ ಮಾಡಿ ಚಿಲಕ, ಕುಡಿಯುವ ನೀರು, ರಾತ್ರಿ ಕೌಂಟರಿನಲ್ಲಿ ಜನ ಇರುತ್ತಾರೋ ಇಲ್ಲವೋ ಎಂದು ಕೇಳುತ್ತೇನೆ. ಮಂಗಳವಾರ ಮತ್ತೆ ಪುಣೆ. ಅಮ್ಮ ಕಳಿಸಿದ ಅವಲಕ್ಕಿಯ ಡಬ್ಬಿ ಸೂಟ್‌ಕೇಸಿನಲ್ಲೇ ಇದೆ.