ಅಂಗಸಾಧಕ ಸ್ಯಾಂಡೋ

ತೋಳಿಲ್ಲದ ಒಳಅಂಗಿಗೆ ಮುಂಬಯಿಯ ಅಂಗಡಿಗಳಲ್ಲಿ ಸ್ಯಾಂಡೋ ಬನಿಯನ್ ಎನ್ನುವುದು ರೂಢಿ. ಅದನ್ನು ದಿನವೂ ತೊಡುವ ನಮ್ಮಲ್ಲಿ ಎಷ್ಟೋ ಮಂದಿಗೆ ಅದು ಒಬ್ಬ ಮನುಷ್ಯನ ಹೆಸರೆಂಬುದು ತಿಳಿಯದು. ಆತನು ಇದೇ ನಗರಕ್ಕೆ ಬಂದು ತನ್ನ ಬಲವನ್ನು ಪ್ರದರ್ಶಿಸಿದ್ದನೆಂಬುದನ್ನಂತೂ ಬಲ್ಲವರು ವಿರಳ.

ಯೂಜಿನ್ ಸ್ಯಾಂಡೋ 1867ನೆಯ ಏಪ್ರಿಲ್ 2ರಂದು ಪ್ರಷ್ಯದ ಕೋನಿಗ್ಸ್‌ಬರ್ಗ್ ಪಟ್ಟಣದಲ್ಲಿ ಜನಿಸಿದನು. ತಂದೆತಾಯಿಗಳಿಟ್ಟ ಹೆಸರು ಫ್ರೀಡ್ರಿಕ್ ವಿಲ್ಹೆಲ್ಮ್ ಮ್ಯುಲ್ಲರ್. ಬಾಲ್ಯದಲ್ಲಿ ತಾನು ದುರ್ಬಲನಾಗಿದ್ದೆನೆಂದೂ ತಂದೆಯೊಡನೆ ಇಟಲಿಗೆ ಹೋದಾಗ ಅಲ್ಲಿನ ಪ್ರಾಚೀನ ಶಿಲಾಮೂರ್ತಿಗಳನ್ನು ಕಂಡು ಅಂತಹ ದೇಹವನ್ನು ಪಡೆಯುವ ಛಲ ತೊಟ್ಟೆನೆಂದೂ ಆತನು ಹೇಳಿಕೊಳ್ಳುತ್ತಿದ್ದನು. ಕಥೆಯೇನೋ ಸೊಗಸಾಗಿದೆ, ಆದರೆ ತನ್ನ ಕೀರ್ತಿಯನ್ನು ತಾನೇ ಹರಡಬಲ್ಲ ಚತುರನೊಬ್ಬನು ಹೇಳಿದ ಕಥೆಯಾದುದರಿಂದ ನಾವು ಅದನ್ನು ಸ್ವಲ್ಪ ಎಚ್ಚರದಿಂದಲೇ ಕೇಳಬೇಕು. ಬ್ರಸೆಲ್ಸ್ ನಗರದಲ್ಲಿ ಲೂಯಿ ಅಟಿಲಾ ಎಂಬ ಗುರುವು ದೊರೆತುದು ಮಾತ್ರ ನಿಜವಾದ ಭಾಗ್ಯ. ಅಟಿಲಾ ಆತನಿಂದ ಭಾರವಾದ ತೂಕಗಳನ್ನು ಎತ್ತಿಸಿ ಪಳಗಿಸಿದನು.

1889ರಲ್ಲಿ ಲಂಡನ್ನಿನ ರಂಗಸ್ಥಳವೊಂದರಲ್ಲಿ ಸ್ಯಾಮ್ಸನ್ ಎಂಬ ಬಲಶಾಲಿಯು ಒಡ್ಡಿದ ಪಂಥವನ್ನು ಸ್ಯಾಂಡೋ ಗೆದ್ದನು. ಒಂದೇ ರಾತ್ರಿಯಲ್ಲಿ ಹೆಸರು ಊರೆಲ್ಲ ಹಬ್ಬಿತು. 1893ರಲ್ಲಿ ಅಮೆರಿಕೆಗೆ ಹೋದಾಗ ಹಾರ್ವರ್ಡ್ ವಿಶ್ವವಿದ್ಯಾಲಯದ ವೈದ್ಯನಾದ ಡಡ್ಲಿ ಸಾರ್ಜೆಂಟನು ಆತನ ಅಂಗಾಂಗಗಳನ್ನು ಅಳೆದು ಮೆಚ್ಚಿದನು. ಮರುವರ್ಷ ಎಡಿಸನ್ನನ ಚಲಚ್ಚಿತ್ರ ಯಂತ್ರದ ಮುಂದೆಯೂ ಆತನು ನಿಂತನು.

1897ರಲ್ಲಿ ಸ್ಯಾಂಡೋ ಲಂಡನ್ನಿನಲ್ಲಿ ಅಂಗಸಾಧನೆಯ ಶಾಲೆಯನ್ನು ತೆರೆದನು. ಡಂಬೆಲ್ಲನ್ನು ಸುಮ್ಮನೆ ಮೇಲೆ ಕೆಳಗೆ ಆಡಿಸಿದರೆ ಫಲವಿಲ್ಲ, ದುಡಿಯುವ ಸ್ನಾಯುವಿನ ಮೇಲೆ ಮನಸ್ಸನ್ನು ನಿಲ್ಲಿಸಬೇಕು ಎಂಬುದು ಆತನ ಬೋಧನೆ. ಅದಕ್ಕಾಗಿಯೇ, ಗಟ್ಟಿಯಾಗಿ ಹಿಡಿದು ಅದುಮುತ್ತಲೇ ಇರಬೇಕಾದ ಸ್ಪ್ರಿಂಗಿನ ಡಂಬೆಲ್ಲುಗಳನ್ನು ಆತನು ಮಾರಿದನು. ಅಂದು ಇದಕ್ಕೆ ಶಾಸ್ತ್ರದ ಆಧಾರ ಬಹಳವಿರಲಿಲ್ಲ. ಆದರೂ ಆತನ ಊಹೆ ಒಂದು ದೊಡ್ಡ ಸತ್ಯದ ಸಮೀಪಕ್ಕೆ ಬಂದಿತ್ತು.

ಗರಡಿಗೆ ಹೊಸದಾಗಿ ಸೇರಿದ ಹುಡುಗನು ಕೆಲವೇ ವಾರಗಳಲ್ಲಿ ಹಿಂದಿಗಿಂತ ಹೆಚ್ಚು ಭಾರವನ್ನೆತ್ತುತ್ತಾನೆ. ಆದರೆ ದಾರ ಸುತ್ತಿ ಅಳೆದರೆ ತೋಳು ಹೆಚ್ಚೇನೂ ದಪ್ಪವಾಗಿರುವುದಿಲ್ಲ. ಹಾಗಾದರೆ ಬಲ ಎಲ್ಲಿಂದ ಬಂತು? ನರಗಳಿಂದ. ಬೆನ್ನುಹುರಿಯಿಂದ ಹೊರಟ ಒಂದೊಂದು ನರತಂತುವೂ ಸ್ನಾಯುವಿನ ಎಳೆಗಳ ಒಂದೊಂದು ಗುಂಪನ್ನು ಆಳುತ್ತದೆ. ಪಳಗದ ದೇಹವು ಈ ಗುಂಪುಗಳನ್ನೆಲ್ಲ ಒಟ್ಟಿಗೆ ಕೆಲಸಕ್ಕೆ ಕರೆಯಲಾರದು. ಸಾಮು ಮಾಡುತ್ತಾ ಹೋದಂತೆ ಹೆಚ್ಚು ಗುಂಪುಗಳು ಓಗೊಡುತ್ತವೆ, ನರಗಳ ಆಜ್ಞೆ ಬೇಗಬೇಗ ಹರಿಯುತ್ತದೆ. ಮೊಣಕೈಯನ್ನು ಮಡಿಸುವಾಗ ತೋಳಿನ ಹಿಂಭಾಗದ ಸ್ನಾಯು ಎದುರು ಎಳೆಯುವುದೂ ಕಡಮೆಯಾಗುತ್ತದೆ.

ಸ್ನಾಯುವು ನಿಧಾನವಾಗಿ ಬೆಳೆಯತಕ್ಕದ್ದು. ಎಳೆಗಳ ಸಂಖ್ಯೆ ಹೆಚ್ಚುವುದಕ್ಕಿಂತ ಮುಖ್ಯವಾಗಿ ಇರುವ ಎಳೆಗಳೇ ದಪ್ಪವಾಗುತ್ತವೆ. ಭಾರದ ಸೆಳೆತಕ್ಕೆ ಸಿಕ್ಕಿದ ಎಳೆಯು ಆಮೇಲೆ ಒಂದೆರಡು ದಿನ ಎಂದಿಗಿಂತ ಹೆಚ್ಚಾಗಿ ಪ್ರೋಟೀನನ್ನು ಕಟ್ಟಿಕೊಳ್ಳುತ್ತದೆ. ಅದಕ್ಕೆ ಆಹಾರವೂ ನಿದ್ರೆಯೂ ಬೇಕು. ದೇಹವು ಒಂದು ಭಾರಕ್ಕೆ ಒಗ್ಗಿಕೊಂಡ ಮೇಲೆ ಅಷ್ಟರಿಂದಲೇ ಬಲ ಏರದು. ಅಟಿಲಾನ ಗುಂಡುಗಳು ಬೆಳೆಸಿದ ದೇಹವನ್ನು ತೋರಿಸಿ ಹಗುರ ಡಂಬೆಲ್ಲುಗಳನ್ನು ಮಾರಿದುದು ಸ್ಯಾಂಡೋವಿನ ವ್ಯಾಪಾರಬುದ್ಧಿಯೆಂದೇ ನಮ್ಮ ಭಾವನೆ.

1904-05ರ ದೀರ್ಘ ಪ್ರವಾಸದಲ್ಲಿ ಆತನು ಕಲ್ಕತ್ತೆಗೂ ಮುಂಬಯಿಗೂ ಬಂದನು. ನಮ್ಮ ದೇಶದಲ್ಲಿ ಗರಡಿಗಳಿಗೇನು ಕೊರತೆ? ಆದರೂ ಡಂಬೆಲ್ಲಿನ ಹುಚ್ಚು ಹರಡಿತು. ಮುಂದೆ ಬೆಂಗಳೂರಿನಲ್ಲಿ 'ಶಾಂತಲಾ' ಕಾದಂಬರಿಯ ಕರ್ತೃ ಕೆ. ವಿ. ಅಯ್ಯರ್ ಅವರು ನಡೆಸಿದ ವ್ಯಾಯಾಮಶಾಲೆಯೂ ಈ ಹೊಸ ಅಂಗಸಾಧನೆಯ ಕಾಲದ್ದೇ.

ಅದೇ 1905ರಲ್ಲಿ ಲಂಡನ್ನಿನಲ್ಲಿ ಸ್ಟಾರ್ಲಿಂಗ್ ಎಂಬ ಶರೀರಶಾಸ್ತ್ರಜ್ಞನು ಹಾರ್ಮೋನ್ ಎಂಬ ಪದವನ್ನು ಮೊದಲು ಬಳಕೆಗೆ ತಂದನು. ಗ್ರಂಥಿಗಳಿಂದ ರಕ್ತಕ್ಕಿಳಿದು ದೂರದ ಅಂಗಗಳಿಗೆ ಸಂದೇಶವನ್ನೊಯ್ಯುವ ರಸಗಳಿವು. ಸ್ನಾಯುವನ್ನು ಬೆಳೆಸುವ ಟೆಸ್ಟೋಸ್ಟೆರೋನ್ ಎಂಬ ಹಾರ್ಮೋನನ್ನು ಬೇರ್ಪಡಿಸಿದುದು 1935ರಲ್ಲಿ. ಆ ವೇಳೆಗೆ ಸ್ಯಾಂಡೋ ಬದುಕಿರಲಿಲ್ಲ. ಭಾರವೆತ್ತಿದೊಡನೆ ಈ ರಸಗಳು ರಕ್ತದಲ್ಲಿ ಸ್ವಲ್ಪ ಹೊತ್ತು ಏರುತ್ತವೆ. ಸ್ನಾಯುವಿನ ಬೆಳವಣಿಗೆಗೆ ಈ ಏರಿಕೆಯೇ ಕಾರಣವೆಂದು ಬಹುಕಾಲ ನಂಬಲಾಗಿತ್ತು. ಇತ್ತೀಚಿನ ಪ್ರಯೋಗಗಳ ಪ್ರಕಾರ ಅದರ ಪಾತ್ರ ಅಲ್ಪ. ಆದರೆ ಹರೆಯದಲ್ಲಿ ಸ್ಥಿರವಾಗಿ ಏರುವ ಹಾರ್ಮೋನಿನ ಮಾತು ಬೇರೆ. ಹತ್ತು ಹನ್ನೊಂದು ವರ್ಷದ ಬಾಲಕನಿಗೆ ಕಸರತ್ತಿನಿಂದ ಬರುವ ಬಲ ಬಹುಮಟ್ಟಿಗೆ ನರಗಳದ್ದು. ಹದಿನಾರರ ಅಣ್ಣನಂತೆ ತನ್ನ ತೋಳು ಉಬ್ಬಲಿಲ್ಲವೆಂದು ಅವನು ಕನ್ನಡಿಯ ಮುಂದೆ ಕೊರಗಬೇಕಾದುದಿಲ್ಲ, ಅಂಗಡಿಯ ಪುಡಿಡಬ್ಬಿಗಳ ಮೊರೆಹೋಗಬೇಕಾದುದೂ ಇಲ್ಲ.

1911ರಲ್ಲಿ ಇಂಗ್ಲೆಂಡಿನ ದೊರೆ ಐದನೆಯ ಜಾರ್ಜ್ ಸ್ಯಾಂಡೋವನ್ನು ತನ್ನ ಅಂಗಸಾಧನೆಯ ಆಚಾರ್ಯನಾಗಿ ನೇಮಿಸಿಕೊಂಡನು. ಆ ಬಳಿಕ ಇಳಿಗಾಲ ಬಂತು. ಆತನು ಆರಂಭಿಸಿದ್ದ ಕೋಕೋ ವ್ಯಾಪಾರವು ಮೊದಲ ಮಹಾಯುದ್ಧದ ಕಾಲದಲ್ಲಿ ಮುಳುಗಿತು. 1925ನೆಯ ಅಕ್ಟೋಬರ್ 14ರಂದು, 58ನೆಯ ವಯಸ್ಸಿನಲ್ಲಿ ಆತನು ತೀರಿಕೊಂಡನು. ಹಳ್ಳಕ್ಕೆ ಬಿದ್ದ ಮೋಟಾರನ್ನು ಒಬ್ಬನೇ ಎತ್ತಹೋದುದೇ ಸಾವಿಗೆ ಕಾರಣವೆಂದು ಜನ ಆಡಿಕೊಂಡರು. ಪತ್ನಿಯ ಇಚ್ಛೆಯಂತೆ ಲಂಡನ್ನಿನ ಪಟ್ನಿ ವೇಲ್ ಸ್ಮಶಾನದಲ್ಲಿ ಗುರುತಿನ ಕಲ್ಲನ್ನೂ ಇಡದೆ ಹೂಳಿದರು. ಮುಕ್ಕಾಲು ಶತಮಾನ ಕಳೆದ ಮೇಲೆ ಆ ಸಮಾಧಿಗೆ ಹೆಸರು ಕೊರೆದ ಕಲ್ಲೊಂದು ಬಂತು.