ಸರದಾರ ಪಟೇಲರೂ ಪೌರಸಭೆಯ ಉಪವಿಧಿಗಳೂ

ಸಂಸ್ಥಾನಗಳನ್ನು ಒಂದುಗೂಡಿಸಿದ ಮಹಾಪುರುಷರೆಂದು ಸರದಾರ ವಲ್ಲಭಭಾಯಿ ಪಟೇಲರನ್ನು ದೇಶವು ಸ್ಮರಿಸುತ್ತದೆ. ಆದರೆ ಅವರು ರಾಜ್ಯಕಾರಭಾರದ ಮೊದಲ ಪಾಠವನ್ನು ಕಲಿತದ್ದು ಗಟಾರ, ನೀರು, ಕಸಗಳನ್ನು ಚರ್ಚಿಸುವ ಊರಸಭೆಯಲ್ಲಿ ಎಂಬುದು ಹಲವರಿಗೆ ಮರೆತುಹೋಗಿದೆ. ಹಾನಗಲ್ಲ, ಶಿಗ್ಗಾಂವಿ, ಸವಣೂರು, ಹಿರೇಕೆರೂರುಗಳ ಪೌರರು ಅವರ ಚರಿತ್ರೆಯ ಈ ಭಾಗವನ್ನು ಅವಶ್ಯವಾಗಿ ಅರಿಯಬೇಕೆಂದು ನಾವು ಭಾವಿಸುತ್ತೇವೆ.

ಪಟೇಲರು 1875ನೆಯ ಅಕ್ಟೋಬರ 31ರಂದು ಗುಜರಾಥದ ನಡಿಯಾದದಲ್ಲಿ ಜನಿಸಿದರು. ಗೋಧ್ರಾ, ಬೋರಸದಗಳಲ್ಲಿ ವಕೀಲಿ ನಡೆಸಿ, ವಿಲಾಯತಿಗೆ ಹೋಗಿ ಬ್ಯಾರಿಸ್ಟರರಾಗಿ, 1913ರಲ್ಲಿ ಹಿಂದಿರುಗಿ ಅಹಮದಾಬಾದದಲ್ಲಿ ನೆಲೆಸಿದರು. 1917ರಲ್ಲಿ ಆ ಊರಿನ ಪೌರಸಭೆಗೆ ಚುನಾಯಿತರಾದರು. ಅದೇ ವರ್ಷ ಊರಿಗೆ ಪ್ಲೇಗು ಬಂದು ಅನೇಕರು ಮನೆ ತೊರೆದು ಹೋದಾಗ, ಆರೋಗ್ಯ ಸಮಿತಿಯ ಮುಖ್ಯಸ್ಥರಾದ ಅವರು ಊರು ಬಿಡದೆ ನಿಂತು ಕೆಲಸ ಮಾಡಿಸಿದರು.

ಆಗ ಅಹಮದಾಬಾದಕ್ಕೆ ಅನ್ವಯಿಸುತ್ತಿದ್ದದ್ದು 1901ರ ಮುಂಬಯಿ ಜಿಲ್ಲಾ ಮುನಿಸಿಪಲ್ ಕಾಯದೆ. ನಮ್ಮ ಧಾರವಾಡ ಜಿಲ್ಲೆಯ ಪೌರಸಭೆಗಳಿಗೂ ಅದೇ ಕಾಯದೆಯಿತ್ತು. ರೂಢಿಯಲ್ಲಿ ಬೈಲಾ ಎನಿಸಿಕೊಳ್ಳುವ ಉಪವಿಧಿಯು ಹುಟ್ಟುವ ಕ್ರಮವನ್ನು ಅದು ಗೊತ್ತುಪಡಿಸಿತ್ತು. ಸಭೆಯು ಕರಡನ್ನು ಸಿದ್ಧಪಡಿಸಿ ಜನರ ತಿಳಿವಳಿಕೆಗೆ ಪ್ರಕಟಿಸಬೇಕು. ಬಂದ ತಕರಾರುಗಳನ್ನು ವಿಚಾರಿಸಬೇಕು. ಬಳಿಕ ಸರಕಾರದ ಮಂಜೂರಿ ಪಡೆಯಬೇಕು. ಹಳೆಯದನ್ನು ತಿದ್ದಬೇಕಾದರೂ ತೆಗೆಯಬೇಕಾದರೂ ಇದೇ ದಾರಿ. ಹೀಗೆ ವಿಧಿ ಮಾಡುವ ಕೈ ಪೌರರದು, ತಡೆಯುವ ಕೈ ಪರಕೀಯ ಸರಕಾರದ್ದು. ಈ ಎರಡರ ನಡುವಿನ ಅಂತರವೇ ಪಟೇಲರ ಹೋರಾಟದ ಕ್ಷೇತ್ರವಾಯಿತು.

ಅವರು ಕಾಯದೆಯನ್ನು ದೂರಿ ಸುಮ್ಮನಾಗಲಿಲ್ಲ. ಅದನ್ನು ಅಕ್ಷರಶಃ ಓದಿದರು. ಪೌರಸಭೆಯ ಮೇಲೆ ನೇಮಿತನಾಗಿದ್ದ ಆಂಗ್ಲ ಅಧಿಕಾರಿಯ ನಡತೆಯು ವಿಧಿಗೆ ಒಪ್ಪದೆಂದು ಸಭೆಯಲ್ಲಿ ಠರಾವು ತಂದಾಗ ಸರಕಾರವೇ ಆತನನ್ನು ಅಲ್ಲಿಂದ ತೆಗೆಯಬೇಕಾಯಿತು. ಅಸಹಕಾರದ ದಿನಗಳಲ್ಲಿ ಪೌರಸಭೆಯು ತನ್ನ ಶಾಲೆಗಳಿಗೆ ಸರಕಾರದ ಸಹಾಯಧನವೂ ಬೇಡ, ತಪಾಸಣೆಯೂ ಬೇಡವೆಂದು ನಿರ್ಣಯಿಸಿತು. ಇದಕ್ಕಾಗಿ 1922ರ ಫೆಬ್ರುವರಿಯಲ್ಲಿ ಸರಕಾರವು ಚುನಾಯಿತ ಸಭೆಯನ್ನೇ ಬದಿಗೊತ್ತಿ ಆಡಳಿತವನ್ನು ಕಸಿದುಕೊಂಡಿತು. ಶಾಲೆಗಳಿಗಾಗಿ ವೆಚ್ಚವಾದ ಹಣವನ್ನು ಸಭಾಸದರಿಂದ ವಸೂಲು ಮಾಡಲು ಹೂಡಿದ ದಾವೆಯಾದರೋ ನ್ಯಾಯಾಲಯದಲ್ಲಿ ನಿಲ್ಲಲಿಲ್ಲ.

1924ರ ಚುನಾವಣೆಯ ಬಳಿಕ ಪಟೇಲರು ಅದೇ ಸಭೆಯ ಅಧ್ಯಕ್ಷರಾಗಿ ಬಂದರು. 1928ರ ಏಪ್ರಿಲದವರೆಗೆ ಆ ಸ್ಥಾನದಲ್ಲಿದ್ದರು. ನೀರಿನ ಸರಬರಾಯಿ, ಗಟಾರಗಳ ವಿಸ್ತಾರ, ಕರಗಳ ಬಾಕಿಯ ವಸೂಲಿಗಳಿಗೆ ಗಮನ ಕೊಟ್ಟರು. 1927ರ ಜುಲೈಯ ಅತಿವೃಷ್ಟಿಯಲ್ಲಿ ಊರು ಮುಳುಗಿದಾಗ ಸ್ವತಃ ಬೀದಿಗಿಳಿದರು. ವಿಧಿಯು ಕಾಗದದ ಮೇಲಿದ್ದರೆ ಸಾಲದು, ಅದನ್ನು ನಡೆಯಿಸುವ ಹಣವೂ ಮನಸ್ಸೂ ಊರಿನಲ್ಲಿರಬೇಕೆಂಬುದು ಅವರ ಕಾರಭಾರದ ತಿರುಳು. 1928ರಲ್ಲಿ ಬಾರಡೋಲಿಯ ರೈತರ ಸತ್ಯಾಗ್ರಹವು ಅವರಿಗೆ ಸರದಾರ ಎಂಬ ಬಿರುದನ್ನು ತಂದಿತು.

ಸ್ವಾತಂತ್ರ್ಯಾನಂತರ ಅವರು ಸಂಸ್ಥಾನಗಳ ಖಾತೆಯ ಮಂತ್ರಿಗಳಾಗಿದ್ದಾಗ, 1948ರಲ್ಲಿ, ನವಾಬರ ಆಳಿಕೆಯಲ್ಲಿದ್ದ ಸವಣೂರು ಮುಂಬಯಿ ಪ್ರಾಂತದಲ್ಲಿ ವಿಲೀನವಾಯಿತು. ನೆರೆಯ ಹಾನಗಲ್ಲ, ಶಿಗ್ಗಾಂವಿ, ಹಿರೇಕೆರೂರುಗಳೊಡನೆ ಅದೂ ಜನಾಧಿಕಾರದ ವ್ಯವಸ್ಥೆಗೆ ಸೇರಿತು. 1950ನೆಯ ಡಿಸೆಂಬರ 15ರಂದು ಪಟೇಲರು ತೀರಿಕೊಂಡರು.

ಇಂದು ಈ ನಾಲ್ಕೂ ಊರುಗಳು ಹಾವೇರಿ ಜಿಲ್ಲೆಯಲ್ಲಿವೆ. 1901ರ ಕಾಯದೆಯ ಸ್ಥಾನದಲ್ಲಿ 1964ರ ಕರ್ನಾಟಕ ಪೌರಸಭೆಗಳ ಕಾಯದೆ ಬಂದಿದೆ. ಕರಡು, ಪ್ರಕಟಣೆ, ತಕರಾರು, ಮಂಜೂರಿ ಎಂಬ ಮೆಟ್ಟಿಲುಗಳು ಹಾಗೆಯೇ ಉಳಿದಿವೆ. ಮಂಜೂರಿ ಕೊಡುವ ಸರಕಾರ ಮಾತ್ರ ನಮ್ಮದೇ ಆಗಿದೆ. ಆದ್ದರಿಂದ ಪರಕೀಯರ ಮೇಲೆ ದೋಷ ಹೊರಿಸುವ ಅವಕಾಶ ಈಗ ನಮಗಿಲ್ಲ. ಸಂತೆಯ ಸುಂಕ, ಮನೆ ಕಟ್ಟುವ ಎಲ್ಲೆ, ಬೀದಿಯ ಕಸ ಇವುಗಳ ಬಗೆಗೆ ಕರಡು ಪ್ರಕಟವಾದಾಗ ಓದದೆ, ತಕರಾರು ಕೊಡದೆ, ದಂಡ ಬಿದ್ದ ಮೇಲೆ ಗೊಣಗುವ ಪೌರನು ಪಟೇಲರಂಥವರು ಗಳಿಸಿಕೊಟ್ಟ ಹಕ್ಕನ್ನು ತಾನಾಗಿಯೇ ಬಿಟ್ಟುಕೊಟ್ಟಂತೆ. ಕಾಯದೆಯನ್ನು ಓದದೆ ಕೈಯೆತ್ತುವ ಸಭಾಸದನೂ ಅಷ್ಟೇ ಅಪರಾಧಿ. ನಮ್ಮ ವಾಚಕರು ತಮ್ಮ ತಮ್ಮ ಊರಿನ ಉಪವಿಧಿಗಳನ್ನು ಒಮ್ಮೆಯಾದರೂ ತರಿಸಿ ಓದಲಿ. ಸರದಾರರಿಗೆ ನಾವು ಸಲ್ಲಿಸಬಹುದಾದ ನಿಜವಾದ ಗೌರವ ಅದೇ.