ಅಂಕಿ-ಅಂಶವಷ್ಟೇ ಸಾಲದೆಂದು ಅರಿತ ವಿದ್ವಾಂಸ ಡು ಬಾಯ್ಸ್

ಅಮೆರಿಕದ ಕಪ್ಪುಜನರ ನಾಗರಿಕ ಹಕ್ಕುಗಳಿಗಾಗಿ 1963ರ ಆಗಸ್ಟ್ 28ರಂದು ವಾಷಿಂಗ್ಟನ್‌ನಲ್ಲಿ ಎರಡು ಲಕ್ಷಕ್ಕೂ ಅಧಿಕ ಜನ ಸೇರಿದ್ದರು. ಅಂದು ಅದೇ ವೇದಿಕೆಯಿಂದ ಒಂದು ಸಾವಿನ ಸುದ್ದಿ ಪ್ರಕಟವಾಯಿತು. ಆ ಹೋರಾಟಕ್ಕೆ ಅರ್ಧ ಶತಮಾನದ ಹಿಂದೆಯೇ ತಳಹದಿ ಹಾಕಿದ್ದ ಡಬ್ಲ್ಯೂ.ಇ.ಬಿ. ಡು ಬಾಯ್ಸ್ ಹಿಂದಿನ ದಿನ ಆಫ್ರಿಕಾದ ಘಾನಾದಲ್ಲಿ ನಿಧನರಾಗಿದ್ದರು. ಅವರಿಗೆ 95 ವರ್ಷ ವಯಸ್ಸಾಗಿತ್ತು.

ಮಸಾಚುಸೆಟ್ಸ್ ರಾಜ್ಯದ ಗ್ರೇಟ್ ಬ್ಯಾರಿಂಗ್ಟನ್‌ನಲ್ಲಿ 1868ರ ಫೆಬ್ರುವರಿ 23ರಂದು ಜನಿಸಿದ ಅವರು, 1895ರಲ್ಲಿ ಹಾರ್ವರ್ಡ್ ವಿಶ್ವವಿದ್ಯಾಲಯದಿಂದ ಪಿಎಚ್.ಡಿ. ಪಡೆದ ಮೊದಲ ಕಪ್ಪುವರ್ಣೀಯ. ವರ್ಣದ್ವೇಷಕ್ಕೆ ಅಜ್ಞಾನವೇ ಮೂಲ, ಸತ್ಯಾಂಶ ಮುಂದಿಟ್ಟರೆ ಅದು ಅಳಿಯುತ್ತದೆ ಎಂಬುದು ಆಗ ಅವರ ನಂಬಿಕೆ. ಫಿಲಡೆಲ್ಫಿಯಾದ ಏಳನೇ ವಾರ್ಡಿನಲ್ಲಿ ಮನೆಮನೆಗೆ ತೆರಳಿ ಮಾಹಿತಿ ಕಲೆಹಾಕಿದರು. ಕಪ್ಪುಜನರ ಬಡತನಕ್ಕೆ ಹುಟ್ಟು ಕಾರಣವಲ್ಲ, ಗುಲಾಮಗಿರಿಯ ಚರಿತ್ರೆ ಹಾಗೂ ಉದ್ಯೋಗ ನಿರಾಕರಣೆ ಕಾರಣ ಎಂದು 1899ರಲ್ಲಿ ಪ್ರಕಟವಾದ ಆ ಅಧ್ಯಯನ ತೋರಿಸಿಕೊಟ್ಟಿತು.

ಅದೇ ವರ್ಷ ಜಾರ್ಜಿಯಾದಲ್ಲಿ ಸ್ಯಾಮ್ ಹೋಸ್ ಎಂಬ ಕಪ್ಪು ಕೂಲಿಯಾಳನ್ನು ಉದ್ರಿಕ್ತ ಗುಂಪು ಸುಟ್ಟು ಕೊಂದಿತು. ಅಟ್ಲಾಂಟಾದಲ್ಲಿ ಪ್ರಾಧ್ಯಾಪಕರಾಗಿದ್ದ ಡು ಬಾಯ್ಸ್, ಪ್ರಕರಣದ ಕುರಿತು ತಾವು ಬರೆದ ಪತ್ರ ಹಿಡಿದು ಪತ್ರಿಕಾ ಕಚೇರಿಗೆ ಹೊರಟಿದ್ದರು. ಮೃತನ ಬೆರಳ ಗೆಣ್ಣುಗಳನ್ನು ಅಂಗಡಿಯೊಂದರಲ್ಲಿ ಪ್ರದರ್ಶನಕ್ಕಿಡಲಾಗಿದೆ ಎಂದು ದಾರಿಯಲ್ಲಿ ತಿಳಿದು ಮನೆಗೆ ಮರಳಿದರು. ಇನ್ನು ತಟಸ್ಥ ವಿದ್ವಾಂಸನಾಗಿ ಉಳಿಯಲಾಗದೆಂದು ಅವರಿಗೆ ಮನವರಿಕೆಯಾಯಿತು.

1909ರಲ್ಲಿ ಎನ್‌ಎಎಸಿಪಿ ಸಂಘಟನೆಯ ಸ್ಥಾಪಕರಲ್ಲೊಬ್ಬರಾದರು. ಅದರ ಮುಖವಾಣಿ ‘ದಿ ಕ್ರೈಸಿಸ್’ ಅನ್ನು 1910ರಿಂದ 1934ರವರೆಗೆ ಸಂಪಾದಿಸಿದರು. ಪತ್ರಿಕೆಯ ಪ್ರಸಾರ ಒಂದು ಹಂತದಲ್ಲಿ 1 ಲಕ್ಷ ತಲುಪಿತ್ತು. 1935ರಲ್ಲಿ ಬರೆದ ಚರಿತ್ರೆಯ ಗ್ರಂಥದಲ್ಲಿ ತಮ್ಮ ಹಳೆಯ ನಂಬಿಕೆಗೆ ತಾವೇ ಉತ್ತರ ನೀಡಿದರು. ಬಿಳಿಯ ಬಡ ಕಾರ್ಮಿಕನಿಗೆ ಕೂಲಿ ಕಡಿಮೆಯಾದರೂ ಬಣ್ಣದ ಕಾರಣಕ್ಕೆ ಸಮಾಜದಲ್ಲಿ ಮನ್ನಣೆ ದೊರೆಯುತ್ತಿತ್ತು. ಆದ್ದರಿಂದಲೇ ಆತ ಕಪ್ಪು ಕಾರ್ಮಿಕನೊಡನೆ ಕೈಜೋಡಿಸಲಿಲ್ಲ ಎಂದು ವಿಶ್ಲೇಷಿಸಿದರು. ದ್ವೇಷ ಬದುಕುವುದು ಅಜ್ಞಾನದಿಂದಷ್ಟೇ ಅಲ್ಲ, ಲಾಭದಿಂದಲೂ ಹೌದು ಎಂಬುದು ಅದರ ಸಾರ.

ಭಾರತದಲ್ಲಿ ಈ ಹೋರಾಟವನ್ನು ಗಮನಿಸುತ್ತಿದ್ದ ಡಾ. ಬಿ.ಆರ್. ಅಂಬೇಡ್ಕರ್, ಅಸ್ಪೃಶ್ಯರ ಹಾಗೂ ಕಪ್ಪುಜನರ ಸ್ಥಿತಿಯಲ್ಲಿನ ಸಾಮ್ಯವನ್ನು ಪ್ರಸ್ತಾಪಿಸಿ 1946ರಲ್ಲಿ ಅವರಿಗೆ ಪತ್ರ ಬರೆದರು. ಡು ಬಾಯ್ಸ್ ಸಹಾನುಭೂತಿಯಿಂದ ಉತ್ತರಿಸಿದರು. ಮರುವರ್ಷ ಅವರ ನೇತೃತ್ವದಲ್ಲಿ ಸಿದ್ಧವಾದ ಕಪ್ಪುಜನರ ಅಹವಾಲು ವಿಶ್ವಸಂಸ್ಥೆಗೆ ಸಲ್ಲಿಕೆಯಾಯಿತು.

ಶಾಂತಿ ಚಳವಳಿಯಲ್ಲಿ ತೊಡಗಿದ್ದಕ್ಕಾಗಿ ವಿದೇಶಿ ಏಜೆಂಟ್ ಎಂಬ ಆರೋಪ ಹೊತ್ತು, 1951ರಲ್ಲಿ, 83ನೇ ವಯಸ್ಸಿನಲ್ಲಿ ನ್ಯಾಯಾಲಯದ ಕಟಕಟೆ ಏರಬೇಕಾಯಿತು. ಖುಲಾಸೆಯಾದರೂ 1958ರವರೆಗೆ ಪಾಸ್‌ಪೋರ್ಟ್ ದೊರೆಯಲಿಲ್ಲ. 1961ರಲ್ಲಿ ಘಾನಾಕ್ಕೆ ತೆರಳಿದ ಅವರು ಮತ್ತೆ ತಾಯ್ನಾಡಿಗೆ ಮರಳಲಿಲ್ಲ. ವರ್ಣಭೇದವನ್ನು ನಿಷೇಧಿಸಿದ ನಾಗರಿಕ ಹಕ್ಕುಗಳ ಕಾಯ್ದೆ ಅಮೆರಿಕದಲ್ಲಿ ಜಾರಿಗೆ ಬಂದದ್ದು 1964ರಲ್ಲಿ, ಅವರು ತೀರಿಕೊಂಡ ಮರುವರ್ಷ.